ಕುದುರೆ ಏರುವ ಮುನ್ನ

ರಜೆಯಲ್ಲಿ ಮಗಳನ್ನು ಕುದುರೆ ಸವಾರಿ ತರಗತಿಗೆ ಸೇರಿಸಬೇಕೆಂದಿದ್ದೀರಾ? ಧಾರಾಳವಾಗಿ ಸೇರಿಸಿ. ಸುಮ್ಮನೆ ಕುಳಿತಂತೆ ಕಂಡರೂ ತೊಡೆ, ಹೊಟ್ಟೆ, ಬೆನ್ನಿನ ಸ್ನಾಯುಗಳಿಗೆ ಬಿಡುವಿರುವುದಿಲ್ಲ. ಪೋಲಿಯೊದಿಂದ ಮೊಣಕಾಲಿನ ಕೆಳಗೆ ಶಕ್ತಿ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅಶ್ವಾರೋಹಣದ ಬೆಳ್ಳಿ ಪದಕ ಗೆದ್ದರು.

ಗುಂಪಿನಲ್ಲಿ ಕಲಿಯುವಾಗ ಮುಂದಿನ ಕುದುರೆಯಿಂದ ಕನಿಷ್ಠ ಒಂದು ಕುದುರೆಯಷ್ಟು ದೂರವಿರಬೇಕು. ಕುದುರೆಗೆ ತನ್ನ ಬಾಲದ ನೇರ ಹಿಂದಿರುವುದು ಕಾಣದು; ಬೆಚ್ಚಿದರೆ ಒದೆಯುತ್ತದೆ.

ಅಡೆತಡೆ ದಾಟುವ ಅಭ್ಯಾಸವೆಂದರೆ ಮೊದಲ ದಿನವೇ ನೆಗೆತವಲ್ಲ. ನೆಲದ ಮೇಲೆ ಸುಮಾರು ನಾಲ್ಕೂವರೆ ಅಡಿಗೊಂದರಂತೆ ಮರದ ಕಂಬಗಳನ್ನು ಮಲಗಿಸಿ, ಟ್ರಾಟ್ ಎಂಬ ಕುಲುಕು ಓಟದಲ್ಲಿ ದಾಟಿಸುತ್ತಾರೆ. ಕುದುರೆ ಕಾಲೆತ್ತಿ ಇಡುವುದನ್ನು ಕಲಿಯುತ್ತದೆ, ಸವಾರರು ಲಗಾಮು ಜಗ್ಗದೆ ಸಮತೋಲ ಕಾಯುವುದನ್ನು. ಇದನ್ನು ಬಿಟ್ಟು ನೇರವಾಗಿ ಬೇಲಿ ಹಾರಿಸುವ ಶಿಕ್ಷಕರಾದರೆ ಮಗಳನ್ನು ಮನೆಗೆ ಕರೆತನ್ನಿ.

ಬಿದ್ದಾಗ ಭಯವಿರುವುದು ತಲೆಯದೇ. ಸವಾರಿಗೆಂದೇ ಮಾಡಿದ ಹೆಲ್ಮೆಟ್ ಕೊಡಿಸಿ, ಸ್ಕೂಟರಿನದು ಬೇಡ. ಒಮ್ಮೆ ಜೋರಾಗಿ ಬಡಿದದ್ದನ್ನು ಬಿರುಕು ಕಾಣದಿದ್ದರೂ ಬದಲಿಸಿ. ಪಾದ ರಿಕಾಪಿನೊಳಗೆ ನುಸುಳಿ ಸಿಕ್ಕಿಕೊಳ್ಳದಂತೆ ಶೂಗೆ ಸಣ್ಣ ಹಿಮ್ಮಡಿ ಇರಲಿ. ತಲೆಗೆ ಪೆಟ್ಟಾದ ದಿನ ಮತ್ತೆ ಕುದುರೆ ಏರಿಸಬೇಡಿ, ‘ಇಲ್ಲದಿದ್ದರೆ ಧೈರ್ಯ ಹೋಗುತ್ತದೆ’ ಎಂದು ಯಾರು ಹೇಳಿದರೂ ಸರಿಯೇ. ವಾಂತಿ, ತೂಕಡಿಕೆ, ಗೊಂದಲ ಕಂಡರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಹಾಂ, ಲದ್ದಿ ಬೆರೆತ ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣುಗಳಿರುತ್ತವೆ. ತರಗತಿಗೆ ಹಣ ಕಟ್ಟುವ ಮೊದಲು ಮಗಳ ಲಸಿಕೆ ಕಾರ್ಡನ್ನು ಹುಡುಕಿ, ಟಿಟಿ ಚುಚ್ಚುಮದ್ದು ಯಾವಾಗ ಆಗಿದೆಯೆಂದು ನೋಡಿ.