ಗಂಧದೆಣ್ಣೆ ಹರಿದ ಕಾಲ

ಭದ್ರಾವತಿಯ ನ್ಯೂಟೌನ್‌ನವರಿಗೆ ಕಾರ್ಖಾನೆಯೆಂದರೆ ಕಬ್ಬಿಣ. 1923ರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ಮರವನ್ನೂ ಬಟ್ಟಿ ಇಳಿಸುತ್ತಿದ್ದರು ಎಂಬುದು ಈಗ ಎಷ್ಟು ಜನಕ್ಕೆ ಗೊತ್ತೋ. ಕುಲುಮೆಗೆ ಇದ್ದಿಲು ಬೇಕಿತ್ತು, ಮರ ಇದ್ದಿಲಾಗುವಾಗ ಏಳುವ ಹೊಗೆಯಿಂದ ಟಾರು, ಮೆಥನಾಲ್ ತೆಗೆಯುತ್ತಿದ್ದರು. ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿ 1944ರಲ್ಲಿ ಇನ್ನೊಂದು ಬಟ್ಟಿ ಹೊತ್ತಿಕೊಂಡಿತು. ಅದು ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ. ಅರಬ್ಬರಿಗೆ ನೆಲದಡಿ ಸಿಕ್ಕ ಎಣ್ಣೆಭಾಗ್ಯ ಮಲೆನಾಡಿಗೆ ಮರದ ಚೇಗಿನಲ್ಲೇ ಸಿಕ್ಕಿತ್ತು.

ಇದರ ಮೂಲ ಮೊದಲ ಮಹಾಯುದ್ಧದಲ್ಲಿದೆ. ಅಲ್ಲಿಯವರೆಗೆ ಮೈಸೂರು ಸಂಸ್ಥಾನ ಶ್ರೀಗಂಧದ ಕೊರಡನ್ನು ಹರಾಜು ಹಾಕಿ ಸುಮ್ಮನಾಗುತ್ತಿತ್ತು. ಕೊಂಡವರು ಯೂರೋಪಿನಲ್ಲಿ, ಅದರಲ್ಲೂ ಜರ್ಮನಿಯಲ್ಲಿ, ಎಣ್ಣೆ ತೆಗೆದು ಲಾಭ ಮಾಡುತ್ತಿದ್ದರು. 1914ರಲ್ಲಿ ಯುದ್ಧ ಬಂದು ಆ ದಾರಿ ಮುಚ್ಚಿತು, ಮರ ಇಲ್ಲೇ ರಾಶಿ ಬಿತ್ತು. ದಿವಾನರಾಗಿದ್ದವರು ವಿಶ್ವೇಶ್ವರಯ್ಯ, ಕೈಗಾರಿಕಾ ಇಲಾಖೆಯಲ್ಲಿದ್ದವರು ಆಲ್ಫ್ರೆಡ್ ಚಾಟರ್‌ಟನ್. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನ ವಿಜ್ಞಾನಿಗಳು ಎಣ್ಣೆ ತೆಗೆಯುವ ಪ್ರಯೋಗ ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆಗಳು ಎದ್ದವು. 1918ರಲ್ಲಿ ಮೈಸೂರ್ ಸ್ಯಾಂಡಲ್ ಸೋಪು ಬಂತು. ಮುಂದಿನದು ನಮ್ಮ ಬಚ್ಚಲುಮನೆಗಳಿಗೇ ಗೊತ್ತು.

ಅತ್ತರು, ಸೋಪಿನ ಮಾತು ಎಲ್ಲರೂ ಆಡುತ್ತಾರೆ. ಗಂಧದೆಣ್ಣೆಗೆ ಇನ್ನೊಂದು ದೊಡ್ಡ ಗಿರಾಕಿ ಇತ್ತು, ಅದನ್ನು ಹೇಳಲು ನಮಗೆ ಕೊಂಚ ಮುಜುಗರ. ಗೊನೊರಿಯಾ ಎಂಬ ಗುಹ್ಯರೋಗಕ್ಕೆ ಯೂರೋಪಿನ ವೈದ್ಯರು ಕೊಡುತ್ತಿದ್ದ ಔಷಧಿಗಳಲ್ಲಿ ಇದೂ ಒಂದು. ಶಿವಮೊಗ್ಗದ ಕಾರ್ಖಾನೆ ಶುರುವಾದ ಹೊತ್ತಿಗೇ ಪೆನಿಸಿಲಿನ್ ಕಾಲಿಟ್ಟಿತ್ತು, ಆ ಗಿರಾಕಿ ಕೈತಪ್ಪಿತು. ಸುಗಂಧದ ವ್ಯಾಪಾರ ಉಳಿಯಿತು, ಕಾರ್ಖಾನೆಗೆ ಅಷ್ಟು ಸಾಕಾಯಿತು.

ಮರಕ್ಕೆ ಆಗ ಬರವಿರಲಿಲ್ಲ. ಸಾಗರ, ಸೊರಬ, ಶಿಕಾರಿಪುರ, ತೀರ್ಥಹಳ್ಳಿಯ ಕಡೆಯಿಂದ ಬಂದ ಗಂಧ ಕೋಠಿಯಲ್ಲಿ, ಅಂದರೆ ಸರ್ಕಾರಿ ಗಂಧದ ದಾಸ್ತಾನಿನಲ್ಲಿ, ಇಳಿಯುತ್ತಿತ್ತು. ಗಂಧದ ಮರವನ್ನು ಕಡಿಯುವುದಿಲ್ಲ, ಬೇರುಸಮೇತ ಕೀಳುತ್ತಾರೆ. ಎಣ್ಣೆ ಹೆಚ್ಚಿರುವುದು ಬೇರಿನಲ್ಲೇ. ಮೇಲಿನ ಬಿಳಿ ಭಾಗವನ್ನು ಕೆತ್ತಿ ತೆಗೆದರೆ ವಾಸನೆಯ ಚೇಗು ಉಳಿಯುತ್ತದೆ. ಅದನ್ನು ತೂಗಿ ಹದಿನೆಂಟು ದರ್ಜೆಗಳಾಗಿ ಬೇರ್ಪಡಿಸುವುದು ಕೋಠಿಯ ಕೆಲಸ. ಮೊದಲ ದರ್ಜೆ ವಿಲಾಯತ್ ಬುಧ್: ಬಿರುಕಿಲ್ಲದ, ಒಂದೊಂದೂ ಒಂಬತ್ತು ಕಿಲೋಗೆ ಕಡಿಮೆಯಿಲ್ಲದ ಕೊರಡು. ಆಮೇಲೆ ಚೀನಾ ಬುಧ್, ಪಂಜಂ, ಘೋಟ್ಲಾ, ಮೂರು ಬಗೆಯ ಬೇರು, ನಾಲ್ಕಾರು ಬಗೆಯ ಚಿಲ್ಟಾ. ಕಡೆಯದು ಗರಗಸದ ಪುಡಿ, ಅದಕ್ಕೂ ಲೆಕ್ಕ ಇತ್ತು. ಹೊಟ್ಟಿಗೂ ದರ್ಜೆ ಕೊಡುವ ಮರ ಬೇರೆ ಯಾವುದಿದೆಯೋ ನಾನು ಕಾಣೆ.

ಕಾರ್ಖಾನೆಯಲ್ಲಿ ಚೇಗನ್ನು ಪುಡಿ ಮಾಡಿ ಬಟ್ಟಿಪಾತ್ರೆಗೆ ತುಂಬಿ ಕೆಳಗಿನಿಂದ ಹಬೆ ಹಾಯಿಸುತ್ತಾರೆ. ಎಣ್ಣೆ ಅವಸರಕ್ಕೆ ಬರುವುದಿಲ್ಲ, ಎರಡು ಮೂರು ದಿನ ಹಬೆ ಆಡಬೇಕು. ತಣಿದ ನೀರಿನ ಮೇಲೆ ತೆಳುಹಳದಿ ಎಣ್ಣೆ ತೇಲುತ್ತದೆ. ಕ್ವಿಂಟಲ್ ಚೇಗಿಗೆ ಐದು ಕಿಲೋ ಆಸುಪಾಸು ಬಂದರೆ ಒಳ್ಳೆಯ ಇಳುವರಿ. ಎಣ್ಣೆ ಕಳೆದುಕೊಂಡ ಪುಡಿ ಊದುಬತ್ತಿಗೆ ಹೋಗುತ್ತದೆ.

1930ರಿಂದ 1950ರ ದಶಕದವರೆಗೆ ದೇಶದಲ್ಲಿ ವರ್ಷಕ್ಕೆ ಸುಮಾರು 4,000 ಟನ್ ಚೇಗು ಸಿಗುತ್ತಿತ್ತು, ಹೆಚ್ಚಿನದು ಮೈಸೂರು ಸೀಮೆಯದೇ. ಶತಮಾನ ಮುಗಿಯುವ ಹೊತ್ತಿಗೆ ಅದರ ಕಾಲುಭಾಗವೂ ಕಷ್ಟವಾಯಿತು. ಕಳ್ಳರನ್ನು ಬೈಯುವುದು ಸುಲಭ. ಕಳ್ಳತನ ನಡೆದದ್ದೂ ನಿಜವೇ. ಎಲೆಗಳು ಗಿಡ್ಡವಾಗಿ ಗೊಂಚಲುಗಟ್ಟುವ ಸ್ಪೈಕ್ ರೋಗ 1899ರಲ್ಲೇ ಕೊಡಗಿನಲ್ಲಿ ಕಂಡು, ಎಷ್ಟೋ ಕಾಡುಗಳನ್ನು ಒಣಗಿಸಿದ್ದೂ ನಿಜ. ಆದರೆ ನನ್ನ ಲೆಕ್ಕದಲ್ಲಿ ಮೊದಲ ಆರೋಪಿ ಕಾನೂನು. 1792ರಲ್ಲಿ ಟಿಪ್ಪು ಗಂಧವನ್ನು ರಾಜವೃಕ್ಷ ಮಾಡಿದ. ಆಮೇಲೆ ಬಂದ ಒಡೆಯರು, ಬ್ರಿಟಿಷರು, ನಮ್ಮದೇ ಸರ್ಕಾರಗಳು ಯಾರೂ ಅದನ್ನು ಬಿಟ್ಟುಕೊಡಲಿಲ್ಲ. ರೈತನ ಹಿತ್ತಿಲಲ್ಲಿ ತಾನಾಗಿ ಹುಟ್ಟಿದ ಗಿಡವೂ ಸರ್ಕಾರದ್ದಾಗಿತ್ತು. ಕಾಯುವ ಹೊಣೆ ಮಾತ್ರ ಅವನದು. ಮರ ಕಳುವಾದರೆ ಮೊದಲು ವಿಚಾರಿಸುತ್ತಿದ್ದುದೂ ಅವನನ್ನೇ. ಹಕ್ಕಿ ಹಿಕ್ಕೆಯಲ್ಲಿ ಬಿದ್ದ ಬೀಜ ಬೇಲಿಸಾಲಿನಲ್ಲಿ ಮೊಳೆತರೆ ಬುದ್ಧಿವಂತನಾದವನು ಬೆಳಗಾಗುವುದರೊಳಗೆ ಕಿತ್ತೆಸೆಯುತ್ತಿದ್ದ. ಬೊಕ್ಕಸ ತುಂಬಲು ಮಾಡಿದ ಕಟ್ಟಳೆ ಬೊಕ್ಕಸದ ಮೂಲಕ್ಕೇ ಕೊಡಲಿ ಇಟ್ಟಿತು.

ಅತ್ತ ಕಾರ್ಖಾನೆಗಳನ್ನೆಲ್ಲ ಸೇರಿಸಿ 1980ರಲ್ಲಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ ಕಟ್ಟಿದರು. ಸೋಪಿನ ಬೇಡಿಕೆ ಏರುತ್ತಾ ಹೋಯಿತು, ಮರ ಇಳಿಯುತ್ತಾ ಬಂತು. ಸಾಗರ, ಸೊರಬದ ಗುಡಿಗಾರರಿಗೂ ಕೆತ್ತಲು ತುಂಡು ಗಂಧ ಸಿಗುವುದು ದುಸ್ತರವಾಗಿ ಬೇರೆ ಮರಗಳಿಗೆ ಉಳಿ ಹಚ್ಚಿದರು. ಮೈಸೂರಿನ ಹೆಸರು ಹೊತ್ತ ಸೋಪಿಗಾಗಿ ನಮ್ಮ ಸಂಸ್ಥೆ ಕೇರಳದ ಮರಯೂರಿನ ಹರಾಜಿನಲ್ಲಿ ಕೂಗಬೇಕಾಯಿತು. ನಮ್ಮದೇ ಜಾತಿಯ ಗಂಧವನ್ನು ಪಶ್ಚಿಮ ಆಸ್ಟ್ರೇಲಿಯಾದ ಕುನುನುರಾದಲ್ಲಿ ನೀರು ಹಾಯಿಸಿ ತೋಟ ಮಾಡಿ ಬೆಳೆಯುತ್ತಿದ್ದಾರೆ.

ಕಾಯ್ದೆ ಕಡೆಗೆ 2001ರಲ್ಲಿ ಬದಲಾಯಿತು. ತನ್ನ ಜಮೀನಿನ ಗಂಧಕ್ಕೆ ರೈತನೇ ಒಡೆಯನಾದ. ಈಗ ಗಂಧ ಹಾಕುವವರು ಮಗ್ಗುಲಲ್ಲೇ ತೊಗರಿ ಬಿತ್ತುತ್ತಾರೆ, ಅನ್ಯ ಗಿಡದ ಬೇರಿಗೆ ಬಾಯಿ ಹಾಕದೆ ಗಂಧ ಬದುಕುವುದಿಲ್ಲ. ಒಳ್ಳೆಯ ಚೇಗು ಕಟ್ಟಲು ಇಪ್ಪತ್ತೈದು ಮೂವತ್ತು ವರ್ಷ ಬೇಕು. ಅಷ್ಟು ಕಾಲ ತಂತಿಬೇಲಿ, ನಾಯಿ, ಸಿಸಿಟಿವಿ ಕ್ಯಾಮೆರಾಗಳ ಖರ್ಚನ್ನು ಬೆಳೆಗಾರನೇ ಹೊರಬೇಕು.