ಬದು ಮೊದಲು, ಹೊಂಡ ನಂತರ
ರೈತರ ಜಮೀನಿನಲ್ಲಿ ಮಣ್ಣು ಮತ್ತು ನೀರಿನ ಸಂರಕ್ಷಣೆಗೆ ದೊರೆಯುವ ಅನುದಾನ: ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ

2022ರಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ಅತಿವೃಷ್ಟಿಯಿಂದ ಬೆಳೆ ಹಾನಿಯಾಯಿತು. ಮರುವರ್ಷ ಮಳೆ ಕೈಕೊಟ್ಟು 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ವಾರಗಟ್ಟಲೆ ಬಾರದ ಮಳೆ ಒಂದೇ ಸಂಜೆಗೆ ಸುರಿದು ಹೋಗುವುದು ಮಳೆಯಾಶ್ರಿತ ರೈತರಿಗೆ ಹೊಸ ಅನುಭವವೇನಲ್ಲ. ಹಾಗೆ ಸುರಿದ ಮಳೆ ಜಮೀನಿನಲ್ಲಿ ನಿಲ್ಲದೆ ಹರಿದರೆ ನಷ್ಟ ಎರಡು ಬಗೆಯದು: ನೀರು ಹೋಗುತ್ತದೆ, ನೀರಿನ ಜೊತೆಗೆ ಮೇಲ್ಮಣ್ಣೂ ಹೋಗುತ್ತದೆ. ಇದನ್ನು ತಡೆಯಲು ರೈತರ ಸ್ವಂತ ಜಮೀನಿನಲ್ಲಿಯೇ ಕಾಮಗಾರಿ ಕೈಗೊಳ್ಳಲು ಸರ್ಕಾರದ ಹಣ ಲಭ್ಯವಿದೆ. ಆದರೆ ಗ್ರಾಮ ಸಭೆಯಲ್ಲಿ ಅನುಮೋದನೆಗೊಂಡ ಕ್ರಿಯಾ ಯೋಜನೆಯಲ್ಲಿ ಆ ಕಾಮಗಾರಿ ಸೇರಿರದಿದ್ದರೆ ನರೇಗಾ ಹಣ ಆ ಜಮೀನನ್ನು ತಲುಪುವುದಿಲ್ಲ. ಕ್ರಿಯಾ ಯೋಜನೆ ಸಿದ್ಧಪಡಿಸುವ ಸಂದರ್ಭದಲ್ಲಿ ಸದಸ್ಯರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಹಣ ಎಲ್ಲಿಂದ ಬರುತ್ತದೆ?

ಮೊದಲನೆಯದು ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆ, ಅಂದರೆ ನರೇಗಾ. 2005ರ ಅಧಿನಿಯಮದ ಅನುಸೂಚಿಯ ಪ್ರಕಾರ ಜಿಲ್ಲೆಯಲ್ಲಿ ಕೈಗೊಳ್ಳುವ ಕಾಮಗಾರಿಗಳ ಪೈಕಿ ವೆಚ್ಚದ ಲೆಕ್ಕದಲ್ಲಿ ಕನಿಷ್ಠ ಶೇ 60ರಷ್ಟು ಭೂಮಿ, ನೀರು ಮತ್ತು ಮರಗಳ ಅಭಿವೃದ್ಧಿಯ ಮೂಲಕ ಕೃಷಿಗೆ ನೇರವಾಗಿ ನೆರವಾಗುವಂತಿರಬೇಕು. ಬದು ನಿರ್ಮಾಣ, ಕೃಷಿ ಹೊಂಡ, ತೋಟಗಾರಿಕೆ ಬೆಳೆ, ಬದುವಿನ ಮೇಲೆ ಸಸಿ ನೆಡುವುದು ಇದರಲ್ಲಿ ಬರುತ್ತವೆ. ರೈತ ಕುಟುಂಬ ತನ್ನ ಜಮೀನಿನಲ್ಲಿ ತಾನೇ ದುಡಿದು ಕೂಲಿ ಪಡೆಯಬಹುದು. 2024-25ನೇ ಸಾಲಿನಲ್ಲಿ ರಾಜ್ಯದ ಕೂಲಿ ದರ ದಿನಕ್ಕೆ 349 ರೂ. ಇತ್ತು. ಗಂಡಸರಿಗೂ ಹೆಂಗಸರಿಗೂ ಒಂದೇ ದರ. ಆ ದರದಲ್ಲಿ ಒಂದು ಕುಟುಂಬ 100 ದಿನ ದುಡಿದರೆ 34,900 ರೂ. ಕೈಸೇರುತ್ತಿತ್ತು, ಜಮೀನಿನಲ್ಲಿ ಆಸ್ತಿಯೂ ಉಳಿಯುತ್ತಿತ್ತು.

ಎರಡನೆಯದು ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ. 2014-15ರಲ್ಲಿ ಆರಂಭವಾಗಿ, ನಡುವೆ ನಿಂತು, 2023-24ರಲ್ಲಿ ಮತ್ತೆ ಜಾರಿಗೆ ಬಂದ ಈ ಯೋಜನೆಯಲ್ಲಿ ಕ್ಷೇತ್ರ ಬದು, ಕೃಷಿ ಹೊಂಡ, ಹೊಂಡಕ್ಕೆ ಪಾಲಿಥಿನ್ ಹೊದಿಕೆ, ಸುತ್ತ ತಂತಿ ಬೇಲಿ, ನೀರೆತ್ತುವ ಪಂಪ್‌ಸೆಟ್ ಹಾಗೂ ಹನಿ ಅಥವಾ ತುಂತುರು ನೀರಾವರಿಗೆ ಸಹಾಯಧನವಿದೆ. ಹೊಂಡಕ್ಕೆ ಸಾಮಾನ್ಯ ವರ್ಗದ ರೈತರಿಗೆ ಶೇ 80, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ರೈತರಿಗೆ ಶೇ 90ರಷ್ಟು ದೊರೆಯುತ್ತದೆ. ಅರ್ಜಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಸಲ್ಲಿಸಬೇಕು.

ಮೂರನೆಯದು ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. ರಿಯಾಯಿತಿ ದರದಲ್ಲಿ ಸಸಿ ಪಡೆದು ಜಮೀನಿನಲ್ಲಿ ನೆಟ್ಟ ರೈತರಿಗೆ, ಬದುಕುಳಿದ ಸಸಿಗಳ ಲೆಕ್ಕದಲ್ಲಿ ಮೂರು ವರ್ಷಗಳ ಕಾಲ ಪ್ರೋತ್ಸಾಹಧನ ನೀಡಲಾಗುತ್ತದೆ.

ಈ ಯೋಜನೆಗಳನ್ನು ಒಂದೇ ಜಮೀನಿನಲ್ಲಿ ಒಗ್ಗೂಡಿಸಲು ಅವಕಾಶವಿದೆ: ಬದು ನರೇಗಾದಲ್ಲಿ, ಹೊಂಡ ಕೃಷಿ ಭಾಗ್ಯದಲ್ಲಿ, ಬದುವಿನ ಮೇಲಿನ ಮರಗಳು ಅರಣ್ಯ ಇಲಾಖೆಯ ನೆರವಿನಲ್ಲಿ. ಆದರೆ ಒಂದೇ ಅಗೆತಕ್ಕೆ ಎರಡು ಯೋಜನೆಗಳಲ್ಲಿ ಬಿಲ್ಲು ಆಗಕೂಡದು.

ಯಾರಿಗೆ ಆದ್ಯತೆ?

ನರೇಗಾ ವೈಯಕ್ತಿಕ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಲೆಮಾರಿ ಸಮುದಾಯಗಳು, ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳು, ಮಹಿಳೆ ಅಥವಾ ವಿಕಲಚೇತನರು ಮುಖ್ಯಸ್ಥರಾಗಿರುವ ಕುಟುಂಬಗಳು, ಭೂ ಸುಧಾರಣೆಯ ಫಲಾನುಭವಿಗಳು, ವಸತಿ ಯೋಜನೆಯ ಫಲಾನುಭವಿಗಳು ಹಾಗೂ ಅರಣ್ಯ ಹಕ್ಕು ಪಡೆದವರಿಗೆ ಮೊದಲ ಆದ್ಯತೆ. ಇವರ ನಂತರ 5 ಎಕರೆವರೆಗಿನ ಸಣ್ಣ ಮತ್ತು ಅತಿ ಸಣ್ಣ ರೈತರು ಬರುತ್ತಾರೆ. ಕುಟುಂಬಕ್ಕೆ ಉದ್ಯೋಗ ಚೀಟಿ ಇರಬೇಕು. ಕುಟುಂಬದ ಒಬ್ಬರಾದರೂ ತಮ್ಮ ಜಮೀನಿನ ಕಾಮಗಾರಿಯಲ್ಲಿ ದುಡಿಯಲು ಸಿದ್ಧರಿರಬೇಕು. ಗುತ್ತಿಗೆದಾರರಿಗೆ ಅವಕಾಶವಿಲ್ಲ. ಕೂಲಿಕಾರರ ಕೆಲಸ ಕಸಿಯುವ ಯಂತ್ರ ಬಳಸುವಂತಿಲ್ಲ.

ಬದು ಏಕೆ ಮೊದಲು?

ಅನುದಾನವಿದ್ದರೂ ಫಲ ಸಿಗದಿರುವುದಕ್ಕೆ ಮುಖ್ಯ ಕಾರಣ ಕಾಮಗಾರಿಗಳ ಆಯ್ಕೆಯ ಕ್ರಮ. ವಾರ್ಡಿಗೆ ಇಷ್ಟೆಂದು ಹಂಚಿಕೊಂಡು, ಕೇಳಿದವರ ಹೆಸರನ್ನಷ್ಟೇ ಬರೆದಾಗ ಕಾಮಗಾರಿಗಳು ಊರಿನಲ್ಲೆಲ್ಲ ಚದುರುತ್ತವೆ. ನೀರು ವಾರ್ಡಿನ ಗಡಿ ನೋಡಿ ಹರಿಯುವುದಿಲ್ಲ. ಅದು ದಿಣ್ಣೆಯಿಂದ ತಗ್ಗಿಗೆ ಹರಿಯುತ್ತದೆ. ಆದ್ದರಿಂದ ಕಾಮಗಾರಿಯೂ ದಿಣ್ಣೆಯಿಂದ ತಗ್ಗಿಗೆ ಬರಬೇಕು.

ಒಂದು ಲೆಕ್ಕವನ್ನು ನೋಡಬಹುದು. ಒಂದು ಎಕರೆ ಸುಮಾರು 4,047 ಚದರ ಮೀಟರ್. ಅದರ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 4,047 ಲೀಟರ್ ನೀರು. 30 ಮಿಲಿಮೀಟರಿನ ಒಂದು ಮಳೆಗೆ ಸುಮಾರು 1.21 ಲಕ್ಷ ಲೀಟರ್. ಇದರಲ್ಲಿ ಶೇ 30ರಷ್ಟು ಹರಿದುಹೋಗುತ್ತದೆ ಎಂದುಕೊಂಡರೆ ಎಕರೆಗೆ ಸುಮಾರು 36,000 ಲೀಟರ್.

ಇಳಿಜಾರಿನಲ್ಲಿ ಒಂದರ ಕೆಳಗೊಂದರಂತೆ ತಲಾ 2 ಎಕರೆಯ ಮೂರು ಜಮೀನುಗಳಿವೆ, ತುದಿಯ ತಗ್ಗಿನಲ್ಲಿ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಕೃಷಿ ಹೊಂಡವಿದೆ ಎಂದು ಭಾವಿಸೋಣ. ಗೋಡೆಗಳಿಗೆ 1:1 ಇಳಿಜಾರು ಕೊಟ್ಟರೆ ಹೊಂಡದಲ್ಲಿ 2.52 ಲಕ್ಷ ಲೀಟರ್ ಹಿಡಿಯುತ್ತದೆ. ಮೇಲಿನ ಜಮೀನುಗಳಲ್ಲಿ ಬದುಗಳಿಲ್ಲದಿದ್ದರೆ 6 ಎಕರೆಯಿಂದ ಒಂದೇ ಮಳೆಗೆ ಸುಮಾರು 2.18 ಲಕ್ಷ ಲೀಟರ್ ನುಗ್ಗಿ ಹೊಂಡ ಬಹುಮಟ್ಟಿಗೆ ತುಂಬುತ್ತದೆ. ನೋಡಲು ಸಂತೋಷವೆನಿಸಿದರೂ ಅದು ಮೂರು ಜಮೀನುಗಳ ಮೇಲ್ಮಣ್ಣನ್ನು ಹೊತ್ತು ತಂದ ಕೆಂಪು ನೀರು. ಹೊಂಡ ಹೂಳಿನಿಂದ ತುಂಬುತ್ತ ಬರುತ್ತದೆ, ಮೇಲಿನ ಜಮೀನು ಬಡವಾಗುತ್ತ ಹೋಗುತ್ತದೆ.

ಈಗ ಎಕರೆಗೆ 15ರಂತೆ ಕಂದಕ ಬದುಗಳನ್ನು ಹಾಕಲಾಗಿದೆ ಎಂದುಕೊಳ್ಳೋಣ. ಪ್ರತಿ ಕಂದಕ 3 ಮೀಟರ್ ಉದ್ದ, 1 ಮೀಟರ್ ಅಗಲ, ಅರ್ಧ ಮೀಟರ್ ಆಳವಿದ್ದರೆ 1,500 ಲೀಟರ್ ಹಿಡಿಯುತ್ತದೆ. ಎಕರೆಗೆ 22,500 ಲೀಟರ್, ಅಂದರೆ ಹರಿದುಹೋಗುತ್ತಿದ್ದ ನೀರಿನ ಶೇ 60ಕ್ಕೂ ಹೆಚ್ಚು ಭಾಗ, ಬಿದ್ದ ಜಮೀನಿನಲ್ಲಿಯೇ ಇಂಗುತ್ತದೆ. ಉಳಿದದ್ದು 6 ಎಕರೆಯಿಂದ ಸುಮಾರು 83,000 ಲೀಟರ್. ಎರಡು ಮಳೆಗಳ ನಡುವೆ ಕಂದಕಗಳು ಬರಿದಾಗುತ್ತವೆ ಎಂದುಕೊಂಡರೂ ಅಂಥ ಮೂರು ಮಳೆಗೆ ಹೊಂಡ ತುಂಬುತ್ತದೆ, ಹೂಳೂ ಕಡಿಮೆ. ಮೇಲೆ ಬದು ಹಾಕಿದರೆ ಕೆಳಗಿನವರ ಹೊಂಡಕ್ಕೆ ನೀರು ಬಾರದು ಎಂಬ ಆಕ್ಷೇಪ ಗ್ರಾಮ ಸಭೆಯಲ್ಲಿ ಬಂದಾಗ ಈ ಲೆಕ್ಕವನ್ನು ಮುಂದಿಡಬಹುದು.

ಬದುವಿನ ಬಗೆಯನ್ನು ಮಣ್ಣು ನಿರ್ಧರಿಸುತ್ತದೆ. ನೀರು ಬೇಗ ಇಂಗುವ ಕೆಂಪು ಮಣ್ಣಿನಲ್ಲಿ ಸಮಪಾತಳಿ ಬದು ಸೂಕ್ತ. ಎರೆ ಭೂಮಿಯಲ್ಲಿ ನೀರು ನಿಂತರೆ ಬೆಳೆ ಹಾಳಾಗುವುದರಿಂದ, ಹೆಚ್ಚುವರಿ ನೀರು ನಿಧಾನವಾಗಿ ಹೊರಹೋಗುವಂತೆ ಸ್ವಲ್ಪ ಇಳಿಜಾರು ಕೊಟ್ಟ ಬದು ಬೇಕು. ಎರಡರಲ್ಲಿಯೂ ಕಲ್ಲು ಕಟ್ಟಿದ ಕೋಡಿ ಇರಲೇಬೇಕು. ಕೋಡಿ ಇಲ್ಲದ ಬದು ಮೊದಲ ದೊಡ್ಡ ಮಳೆಗೇ ಒಡೆಯುವ ಸಂಭವವಿದೆ. ಬದುವಿನ ಮೇಲೆ ಹುಲ್ಲು, ಗ್ಲಿರಿಸಿಡಿಯಾ, ಹೊಂಗೆ, ಹೆಬ್ಬೇವು ಬೆಳೆಸಿದರೆ ಬೇರು ಮಣ್ಣನ್ನು ಹಿಡಿದಿಡುತ್ತದೆ, ದನಗಳಿಗೆ ಮೇವೂ ಜಮೀನಿಗೆ ಹಸಿರೆಲೆ ಗೊಬ್ಬರವೂ ದೊರೆಯುತ್ತದೆ.

ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು

1. ವಾರ್ಡ್ ಸಭೆಗೆ ಮುನ್ನ ರೈತರು ಹಾಗೂ ತಾಂತ್ರಿಕ ಸಹಾಯಕರೊಂದಿಗೆ ಹಳ್ಳದ ಮೇಲ್ಭಾಗದಿಂದ ಕೆಳಭಾಗದವರೆಗೆ ಒಮ್ಮೆ ನಡೆದು ನೋಡುವುದು. ಎರಡು ವಾರ್ಡುಗಳ ಜಮೀನು ಒಂದೇ ಇಳಿಜಾರಿನಲ್ಲಿದ್ದರೆ ಇಬ್ಬರೂ ಸದಸ್ಯರು ಜೊತೆಯಲ್ಲಿ ಹೋಗುವುದು.

2. ದಿಣ್ಣೆಯ ಮೇಲಿನ ಜಮೀನಿನವರು ಅರ್ಜಿ ಕೊಟ್ಟಿಲ್ಲವೆಂದು ಬಿಟ್ಟುಬಿಡದೆ ಅವರ ಮನೆಗೇ ಹೋಗಿ ತಿಳಿಸುವುದು. ಬೇರೆಯವರ ಹೊಲದಲ್ಲಿ ಕೂಲಿಗೆ ಹೋಗುವವರಿಗೆ ಸಭೆಗೆ ಬರಲು ಬಿಡುವಿರುವುದಿಲ್ಲ.

3. ಉದ್ಯೋಗ ಚೀಟಿ, ಪಹಣಿ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಮತ್ತು ಫ್ರೂಟ್ಸ್ ಗುರುತಿನ ಸಂಖ್ಯೆಯನ್ನು ಮುಂಚಿತವಾಗಿ ಪರಿಶೀಲಿಸುವುದು. ಪಹಣಿ ಇನ್ನೂ ತೀರಿಕೊಂಡ ಹಿರಿಯರ ಹೆಸರಿನಲ್ಲಿದ್ದರೆ ಪೌತಿ ಖಾತೆ ಬದಲಾವಣೆಗೆ ಈಗಲೇ ಅರ್ಜಿ ಹಾಕಿಸುವುದು.

4. ಕೃಷಿ, ತೋಟಗಾರಿಕೆ, ರೇಷ್ಮೆ ಮತ್ತು ಅರಣ್ಯ ಇಲಾಖೆಗಳ ಮೂಲಕ ಅನುಷ್ಠಾನಗೊಳ್ಳುವ ನರೇಗಾ ಕಾಮಗಾರಿಗಳನ್ನೂ ಅದೇ ಗ್ರಾಮ ಸಭೆಯ ಪಟ್ಟಿಗೆ ಸೇರಿಸುವುದು.

5. ಮುಂಗಾರಿಗೆ ಮುನ್ನ, ಬೇಸಿಗೆಯಲ್ಲಿಯೇ ಅಗೆತ ಮುಗಿಯುವಂತೆ ಕೆಲಸದ ಬೇಡಿಕೆ ಸಲ್ಲಿಸಲು ತಿಳಿಸುವುದು. ಬೇಡಿಕೆ ಸಲ್ಲಿಸಿದ 15 ದಿನಗಳೊಳಗೆ ಕೆಲಸ ನೀಡಬೇಕು. ಹಾಜರಿ ಪಟ್ಟಿ ಮುಗಿದ 15 ದಿನಗಳೊಳಗೆ ಕೂಲಿ ಪಾವತಿಯಾಗಬೇಕು. ತಡವಾದರೆ 16ನೇ ದಿನದಿಂದ ದಿನಕ್ಕೆ ಶೇ 0.05ರಂತೆ ಪರಿಹಾರ ಪಡೆಯುವುದು ಕೂಲಿಕಾರರ ಹಕ್ಕು.

6. ಹೊಂಡಕ್ಕೆ ಬೇಲಿಯಾಗದೆ ಕಾಮಗಾರಿ ಮುಗಿಯಿತೆಂದು ಪರಿಗಣಿಸದಿರುವುದು. ಪಾಲಿಥಿನ್ ಹೊದಿಸಿದ ಹೊಂಡಕ್ಕೆ ಜಾರಿದವರು ಮೇಲೆ ಬರುವುದು ಕಷ್ಟ. ಬೇಲಿಯ ಜೊತೆಗೆ ದಡದ ಗೂಟಕ್ಕೆ ಕಟ್ಟಿದ ಗಂಟು ಹಗ್ಗ ಸದಾ ಹೊಂಡದೊಳಗೆ ಇಳಿಬಿದ್ದಿರಲಿ. ಖರ್ಚು ಅಲ್ಪ, ಉಳಿಯುವುದು ಮಗುವಿನ ಜೀವ.

7. ಮೊದಲ ದೊಡ್ಡ ಮಳೆಯ ಮರುದಿನ ಬದುಗಳನ್ನು ನೋಡಿ ಬರುವುದು. ಒಡೆದ ಕಡೆ ರೈತರು ಅಂದೇ ಒಂದು ಬುಟ್ಟಿ ಮಣ್ಣು ಹಾಕಿದರೆ ಮುಗಿಯುವ ಕೆಲಸ, ಬಿಟ್ಟರೆ ಮುಂದಿನ ಮಳೆಗೆ ಕೊರಕಲಾಗುತ್ತದೆ.

ಗ್ರಾಮ ಸಭೆಯಲ್ಲಿ ಓದುವ ಪಟ್ಟಿಯಲ್ಲಿ ಯಾವ ಸರ್ವೆ ನಂಬರ್ ಮೊದಲು ಬರುತ್ತದೆ ಎಂಬುದು ಸಣ್ಣ ಸಂಗತಿಯಂತೆ ಕಾಣಬಹುದು. ಮೇಲಿನ ಜಮೀನು ಮೊದಲು ಬಂದರೆ ಆ ರೈತನ ಮಣ್ಣು ಉಳಿಯುತ್ತದೆ, ಕೆಳಗಿನವನ ಹೊಂಡವೂ ಉಳಿಯುತ್ತದೆ. ಆ ಕ್ರಮವನ್ನು ಸರಿಯಾಗಿ ಬರೆಸುವ ಅಧಿಕಾರವೂ ಹೊಣೆಯೂ ಗ್ರಾಮ ಪಂಚಾಯಿತಿ ಸದಸ್ಯರದ್ದಾಗಿದೆ.