ನಲಿಯುತ್ತ ಕಲಿಯುವ ಒಂದು ವಾರ

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ತಮಿಳುನಾಡಿನ ಗಡಿಗೆ ಸಮೀಪವಾಗಿ ಪುಣಜನೂರು ಎಂಬ ಗ್ರಾಮವಿದೆ. ಅದರ ನೆರೆಯ ಅರಣ್ಯವು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಬಿಳಿಗಿರಿರಂಗನ ಬೆಟ್ಟದ ಸೀಮೆಗೆ ಸೇರಿದುದು. ಈ ಕಾಡಿನ ನಡುವೆಯೂ ಅಂಚಿನಲ್ಲಿಯೂ ಸೋಲಿಗರು ವಾಸಿಸುತ್ತಾರೆ. ತಮ್ಮ ನೆಲೆಯನ್ನು ಅವರು ‘ಪೋಡು’ ಎಂದು ಕರೆಯುತ್ತಾರೆ. ಜೇನು, ನೆಲ್ಲಿಕಾಯಿ, ಸೀಗೆಕಾಯಿಗಳ ಸಂಗ್ರಹಣೆ, ಬೇಸಾಯ ಮತ್ತು ಕೂಲಿ ಅವರ ಜೀವನಾಧಾರಗಳು.

ಇಂತಹ ಸೀಮೆಯ ಶಾಲೆಗಳಿಗೆ ಎರಡು ತೊಡಕುಗಳುಂಟು. ಮಕ್ಕಳ ಸಂಖ್ಯೆ ಕಡಿಮೆಯಾದುದರಿಂದ ಎರಡು ಮೂರು ತರಗತಿಗಳನ್ನು ಒಬ್ಬರೇ ಶಿಕ್ಷಕರು ಒಂದೇ ಕೊಠಡಿಯಲ್ಲಿ ನಡೆಸಬೇಕಾಗುತ್ತದೆ. ಇದು ಮೊದಲನೆಯದು. ಸುಗ್ಗಿಗೋ ಕಾಡಿನ ಕೆಲಸಕ್ಕೋ ತಂದೆತಾಯಿಗಳು ಹೊರಟಾಗ ಮಗುವೂ ಅವರೊಡನೆ ಹೊರಟುಬಿಡುತ್ತದೆ. ಇದು ಎರಡನೆಯದು. ಹತ್ತು ದಿನಗಳ ಅನಂತರ ಅದು ಮರಳಿದಾಗ ಪಾಠವು ಮುಂದೆ ಸಾಗಿರುತ್ತದೆ. ಹಿಂದಿನದು ತಿಳಿಯದ ಮಗುವಿಗೆ ಮುಂದಿನದೂ ತಿಳಿಯದು. ತಿಳಿಯದ ಮಗುವನ್ನು ದಡ್ಡನೆಂದು ಕರೆಯುವುದು ಸುಲಭ. ಹಾಗೆ ಕರೆಸಿಕೊಂಡ ಮಗು ಶಾಲೆಯನ್ನು ಬಿಡುವುದು ಇನ್ನೂ ಸುಲಭ.

ಈ ತೊಡಕಿಗೆ ಉತ್ತರವನ್ನು ಹುಡುಕುವ ಪ್ರಯತ್ನವೊಂದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಯಿತು. ಆಗ ಚಾಮರಾಜನಗರವೂ ಮೈಸೂರು ಜಿಲ್ಲೆಗೇ ಸೇರಿದ್ದಿತು. ಅಲ್ಲಿನ ಕೆಲವು ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲೆಯ ಬಳಿಯಿರುವ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡು ಬಂದು, ಯೂನಿಸೆಫ್ ಸಂಸ್ಥೆಯ ನೆರವಿನಿಂದ ನಮ್ಮ ನಾಡಿಗೆ ಒಪ್ಪುವ ಕ್ರಮವನ್ನು ರೂಪಿಸಿದರು. ಅದಕ್ಕೆ ‘ನಲಿ-ಕಲಿ’ ಎಂದು ಹೆಸರಾಯಿತು. 2009-10ರಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತರಿಸಿತು. ಆ ಕ್ರಮದಲ್ಲಿ ವಾರವೊಂದು ಹೇಗೆ ಸಾಗುತ್ತದೆಂಬುದನ್ನು ನೋಡೋಣ.

ಸೋಮವಾರ ಬೆಳಿಗ್ಗೆ ಮಕ್ಕಳು ಹವಾಮಾನ ನಕ್ಷೆಯ ಮುಂದೆ ನಿಲ್ಲುತ್ತಾರೆ. ಆಕಾಶದಲ್ಲಿ ಮೋಡವಿದೆಯೋ ಬಿಸಿಲಿದೆಯೋ ನೋಡಿ ಗುರುತು ಹಾಕುತ್ತಾರೆ. ಬಳಿಕ ಪ್ರತಿಯೊಂದು ಮಗುವೂ ಗೋಡೆಯ ಮೇಲಿನ ‘ಕಲಿಕಾ ಏಣಿ’ಯಲ್ಲಿ ತನ್ನ ಮೆಟ್ಟಿಲನ್ನು ಹುಡುಕುತ್ತದೆ. ಪಾಠಗಳನ್ನೆಲ್ಲ ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದು, ಹೆಜ್ಜೆಗೊಂದು ಚಿತ್ರದ ಗುರುತನ್ನೂ ಕಾರ್ಡನ್ನೂ ಇರಿಸಿರುತ್ತಾರೆ. ಓದಲು ಬಾರದ ಮಗುವೂ ಚಿತ್ರವನ್ನು ನೋಡಿ ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳಬಲ್ಲುದು.

ಮಂಗಳವಾರ ಅಕ್ಷರಗಳ ಸರದಿ. ಇಲ್ಲಿ ಕಲಿಕೆಯು ವರ್ಣಮಾಲೆಯ 49 ಅಕ್ಷರಗಳ ಕ್ರಮವನ್ನು ಅನುಸರಿಸುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳು ಮೊದಲು ಬರುತ್ತವೆ. ಇವು ಬರೆಯಲು ಸುಲಭ. ಇವನ್ನು ಕೂಡಿಸಿದರೆ ಸರ, ಅಗಸ, ಅರಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಐದೇ ಅಕ್ಷರ ಬಲ್ಲ ಮಗು ಅರ್ಥವುಳ್ಳ ಪದವನ್ನು ಓದುತ್ತದೆ. ಓದೆಂಬುದು ಬರಿಯ ಉಚ್ಚಾರಣೆಯಲ್ಲ, ಅರ್ಥವೆಂಬುದು ಅದಕ್ಕೆ ಮೊದಲ ದಿನಗಳಲ್ಲಿಯೇ ಮನವರಿಕೆಯಾಗುತ್ತದೆ.

ಬುಧವಾರದ ವೇಳೆಗೆ ಗುಂಪುಗಳು ಬದಲಾಗಿರುತ್ತವೆ. ಮಕ್ಕಳು ಕುಳಿತುಕೊಳ್ಳುವುದು ವಯಸ್ಸಿಗನುಸಾರವಾಗಿ ಅಲ್ಲ. ಬೇಕಾದ ಸಹಾಯಕ್ಕೆ ಅನುಸಾರವಾಗಿ. ಹೊಸ ವಿಷಯ ಕಲಿಯುವವರು ಶಿಕ್ಷಕರ ಬಳಿ ಇರುತ್ತಾರೆ. ಅಭ್ಯಾಸ ಮಾಡುವವರು ಗೆಳೆಯರ ನೆರವು ಪಡೆಯುತ್ತಾರೆ. ಚೆನ್ನಾಗಿ ಬಲ್ಲವರು ತಾವೇ ಬರೆಯುತ್ತಾರೆ. ಹೀಗೆ ಮೂರನೆಯ ತರಗತಿಯವನು ಒಂದನೆಯ ತರಗತಿಯವನಿಗೆ ಓದಿ ತೋರಿಸುವಾಗ ಇಬ್ಬರೂ ಕಲಿಯುತ್ತಾರೆ.

ಗುರುವಾರ ಗಣಿತ. ಹುಣಿಸೆಯ ಬೀಜ, ಕಡ್ಡಿ, ಕಲ್ಲುಗಳೇ ಇಲ್ಲಿ ಉಪಕರಣಗಳು. ಶುಕ್ರವಾರ ಪರಿಸರ. ಹೆಜ್ಜೇನು, ತುಡುವೆ, ಕಡ್ಡಿಜೇನು, ನೆಸರಿ ಎಂದು ಜೇನಿನ ಬಗೆಗಳನ್ನು ಬೇರ್ಪಡಿಸಿ ಹೇಳಬಲ್ಲ ಮನೆತನದ ಮಗುವಿಗೆ ವರ್ಗೀಕರಣವೆಂದರೇನೆಂದು ವಿವರಿಸಬೇಕಾಗಿಲ್ಲ. ಅದರ ಮನೆಮಾತು ಪುಸ್ತಕದ ಕನ್ನಡಕ್ಕಿಂತ ಭಿನ್ನವಾದರೂ ಕನ್ನಡಕ್ಕೆ ಹತ್ತಿರದ ನಂಟುಳ್ಳುದು. ಆ ಮಾತನ್ನು ತಿದ್ದುವ ಮೊದಲು ಕಿವಿಗೊಟ್ಟು ಕೇಳುವ ಶಿಕ್ಷಕರಿಗೆ ಪಾಠದ ಅರ್ಧ ಕೆಲಸ ಹಗುರವಾಗುತ್ತದೆ.

ಶನಿವಾರ ವಾರದ ಚಿತ್ರ ಬರಹಗಳು ತಲೆಯ ಮೇಲಿನ ದಾರಗಳ ಚಪ್ಪರದಲ್ಲಿ ತೂಗುತ್ತಿರುತ್ತವೆ. ಶಿಕ್ಷಕರು ‘ಪ್ರಗತಿ ನೋಟ’ದಲ್ಲಿ ಯಾವ ಮಗು ಎಲ್ಲಿಗೆ ಬಂದಿದೆಯೆಂದು ಗುರುತಿಸುತ್ತಾರೆ. ಪರೀಕ್ಷೆಯ ಭಯವಿಲ್ಲದೆಯೇ ಅಳತೆಯ ಕೆಲಸ ನಡೆದುಹೋಗಿರುತ್ತದೆ.

ಕಾಡಿಗೆ ಹೋದ ಮಗು ಮರಳಿದರೆ ಏನಾಗುತ್ತದೆ? ಏಣಿಯಲ್ಲಿ ಅದು ಬಿಟ್ಟು ಹೋದ ಮೆಟ್ಟಿಲು ಹಾಗೆಯೇ ಇರುತ್ತದೆ. ಅಲ್ಲಿಂದಲೇ ಅದು ಮುಂದಿನ ಕಾರ್ಡನ್ನು ಎತ್ತಿಕೊಳ್ಳುತ್ತದೆ. ಈ ಪದ್ಧತಿಯ ತಿರುಳು ಇದೇ.

ಆದರೆ ಏಣಿಯು ತಾನಾಗಿಯೇ ಯಾರನ್ನೂ ಮೇಲಕ್ಕೆ ಹತ್ತಿಸುವುದಿಲ್ಲ. ಹಲವು ಗುಂಪುಗಳ ಮೇಲೆ ಏಕಕಾಲದಲ್ಲಿ ಗಮನವಿರಿಸುವುದು ಬಹು ಶ್ರಮದ ಕೆಲಸ. ಮಕ್ಕಳು ಹೆಚ್ಚಾದರೆ, ಕಾರ್ಡುಗಳು ಹರಿದುಹೋದರೆ, ದಾಖಲೆಗಳ ಹೊರೆ ಬೆಳೆದರೆ, ಈ ಕ್ರಮವೂ ಬರಿಯ ಕಾರ್ಡು ತಿರುವುವ ಆಟವಾದೀತು. ಯಾವ ಮಗು ಕಲಿತಿತು, ಯಾವುದು ಕಲಿತಂತೆ ನಟಿಸಿತು ಎಂಬುದನ್ನು ಶಿಕ್ಷಕರ ಕಣ್ಣು ಮಾತ್ರ ಕಾಣಬಲ್ಲುದು.

ವಿದ್ಯಾರ್ಥಿಗಳೇ, ನೀವು ಇಂದು ಈ ಪಾಠವನ್ನು ಸರಾಗವಾಗಿ ಓದುತ್ತಿರುವುದು ಅಂದು ಯಾರೋ ನಿಮ್ಮ ಬಳಿ ಕುಳಿತು ಮೊದಲ ಅಕ್ಷರಗಳನ್ನು ತಾಳ್ಮೆಯಿಂದ ಕಲಿಸಿದುದರಿಂದ. ನಿಮ್ಮ ಮನೆಯಲ್ಲಿಯೋ ಕೇರಿಯಲ್ಲಿಯೋ ಓದಲು ತಡವರಿಸುವ ಕಿರಿಯರಿದ್ದರೆ ಅವರನ್ನು ನೋಡಿ ನಗಬೇಡಿರಿ. ಅವರು ಯಾವ ಮೆಟ್ಟಿಲಲ್ಲಿ ನಿಂತಿದ್ದಾರೆಂದು ಕೇಳಿ ತಿಳಿದು, ಅಲ್ಲಿಂದ ಜೊತೆಗೂಡಿರಿ.